ಉರಿ ನಿಂತಿತು, ಸೋಂಕು ಹೋಯಿತೇ?

ಪ್ರಶ್ನೆ: ನನಗೆ 46 ವರ್ಷ. ಎಂಡೋಸ್ಕೋಪಿಯಲ್ಲಿ ಹೊಟ್ಟೆಹುಣ್ಣು, ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಎಂದು ಬಂತು. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಇದ್ದ ಮಾತ್ರೆಗಳ ಕಿಟ್ ಕೊಟ್ಟಿದ್ದರು. ಐದನೇ ದಿನ ಉರಿ ನಿಂತಿತೆಂದು ಬಿಟ್ಟೆ. ಈಗ ಮತ್ತೆ ಉರಿ. ಅದೇ ಕಿಟ್ ತರಿಸಲೇ ಡಾಕ್ಟ್ರೇ?
– ಓದುಗರು, ಶಿರಸಿ

ಉತ್ತರ: ಬೇಡಮ್ಮ, ದಯವಿಟ್ಟು ತರಿಸಬೇಡಿ. ನಿಮ್ಮ ಉರಿ ಬೇಗ ತಗ್ಗಿದ್ದು ಮುಖ್ಯವಾಗಿ ಆಸಿಡ್ ಕಡಿಮೆ ಮಾಡುವ ಮಾತ್ರೆಯಿಂದ. ಬ್ಯಾಕ್ಟೀರಿಯಾ ಜಠರದ ಲೋಳೆಯೊಳಗೆ ಅಡಗಿ ಉಳಿದಿರಬಹುದು. ಅರ್ಧ ಕೋರ್ಸಿನಲ್ಲಿ ಬದುಕುಳಿದವು ಕ್ಲಾರಿಥ್ರೋಮೈಸಿನ್‌ಗೆ ಬಗ್ಗದಂಥವಾಗಿರುವ ಸಂಭವ ಹೆಚ್ಚು. ಕೆಮ್ಮು, ಗಂಟಲುನೋವಿಗೆ ಹಿಂದೆ ಅಜಿಥ್ರೋಮೈಸಿನ್ ನುಂಗಿದ್ದರೆ ಅದನ್ನೂ ನಿಮ್ಮ ವೈದ್ಯರಿಗೆ ಹೇಳಿ, ಅದೂ ಇದೇ ಗುಂಪಿನದು.

ಸೋಂಕು ಇನ್ನೂ ಇದೆಯೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ತಿಳಿಯುತ್ತದೆ. ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ, ಅದು ವಾಸಿಯಾದ ಮೇಲೂ ಪಾಸಿಟಿವ್ ತೋರಿಸುತ್ತದೆ. ಸೋಂಕಿದ್ದರೆ ಸಾಮಾನ್ಯವಾಗಿ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಜೊತೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ, 14 ದಿನ. ಬಾಯಿ ಕಹಿಯಾಗುತ್ತದೆ, ವಾಕರಿಕೆ ಬರುತ್ತದೆ. ನನ್ನ ರೋಗಿಗಳು ಬಿಡುವುದು ಇಲ್ಲೇ. ತಡೆಯಲಾಗದಿದ್ದರೆ ವೈದ್ಯರಿಗೆ ಫೋನ್ ಮಾಡಿ, ನೀವಾಗಿಯೇ ನಿಲ್ಲಿಸಬೇಡಿ. ಟೆಟ್ರಾಸೈಕ್ಲಿನ್ ಜೊತೆ ಹಾಲು, ಮೊಸರು ಬೇಡ. ಬಿಸ್ಮತ್‌ನಿಂದ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ, ತಲೆಸುತ್ತೂ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಕೋರ್ಸ್ ಮುಗಿದು ನಾಲ್ಕು ವಾರವಾದ ಮೇಲೆ ಮರುಪರೀಕ್ಷೆ. ಅದಕ್ಕೆ ಎರಡು ವಾರ ಮೊದಲು ಆಸಿಡ್ ಮಾತ್ರೆ ನಿಲ್ಲಿಸುವುದನ್ನು ವೈದ್ಯರನ್ನು ಕೇಳಿಯೇ ಮಾಡಿ.