ಬಡ್ಡಿ ಒಂದು ಹದಕ್ಕೆ ಬರುವವರೆಗೆ ಅಪ್ಪನ ದುಡ್ಡನ್ನು ಹಾಗೇ ಬಿಡಬಹುದಾ?

ನೀವು ಕೇಳಿದ್ದು ಇಷ್ಟು: ಅಪ್ಪ 60 ದಾಟಿ ನಿವೃತ್ತರಾಗಿದ್ದಾರೆ, 15 ಲಕ್ಷ ಕೈಗೆ ಬಂದಿದೆ. ಬ್ಯಾಂಕ್ ಬಡ್ಡಿ ಇಳಿದಿದೆ, ಶೇರು ಮಾರುಕಟ್ಟೆಗೆ ಹೋಗಲು ಧೈರ್ಯ ಸಾಲದು. ನಿಮ್ಮ ಹೆಸರಲ್ಲಿ 20 ಲಕ್ಷದ ಮನೆ ಸಾಲವೂ ಇದೆ. ಎಲ್ಲ ತಿಳಿಯಾಗುವವರೆಗೆ ದುಡ್ಡನ್ನು ಉಳಿತಾಯ ಖಾತೆಯಲ್ಲೇ ಬಿಟ್ಟು ಕಾಯಬೇಕಾ?

ಕಾಯಬೇಡಿ.

ನಾನು ಬಾಗಲಕೋಟೆಯವನು. ಕಾಯುವುದಕ್ಕೆ ಎಷ್ಟು ಬೆಲೆ ಬೀಳುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸಬಹುದು ಅಂತ ಕೃಷ್ಣಾ ನೀರಿನ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ಆಮೇಲೆ ಕೋರ್ಟು, ಅಧಿಸೂಚನೆ, ಪರಿಹಾರದ ದರ ಅಂತ ವರ್ಷಗಳು ಹೋದವು. ಮಟ್ಟ ಏರಿದರೆ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂತ ಸರ್ಕಾರ ತೀರ್ಮಾನ ಮಾಡಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಈ ನಡುವೆ ಹಿನ್ನೀರಿನ ಅಂಚಿನ ಊರುಗಳಲ್ಲಿ, ಹೇಗೂ ಮುಳುಗುತ್ತದಲ್ಲ ಅಂತ ಸೋರುವ ಮಾಳಿಗೆಯನ್ನೂ ರಿಪೇರಿ ಮಾಡಿಸದೆ ಕೂತವರನ್ನು ನೋಡಿದ್ದೇನೆ. ಅದೇ ಓಣಿಯಲ್ಲಿ ಬೋರ್ ಕೊರೆಸಿ, ಕಬ್ಬು ಹಚ್ಚಿ, ಬಂದ ಬಿಲ್ಲಿನಲ್ಲಿ ಮಕ್ಕಳನ್ನು ಓದಿಸಿದವರನ್ನೂ ನೋಡಿದ್ದೇನೆ. ನಾಳೆಯ ಬಗ್ಗೆ ಇಬ್ಬರಿಗೂ ಗೊತ್ತಿದ್ದದ್ದು ಅಷ್ಟೇ. ಮೊದಲಿನವರನ್ನು ನಾನು ದೂರುವುದಿಲ್ಲ. ತಾರೀಖು ಹೇಳದೆ ಇಟ್ಟರೆ ಯಾರ ಕೈಯಾದರೂ ಕಟ್ಟಿಹೋಗುತ್ತದೆ. ಆದರೆ ನಿಮ್ಮ ಅಪ್ಪನ ದುಡ್ಡಿಗೆ ತಾರೀಖು ಹಾಕುವುದು ನಿಮ್ಮ ಮನೆಯವರ ಕೈಯಲ್ಲೇ ಇದೆ.

ಕಾಯುವುದರ ಲೆಕ್ಕ ನೋಡಿ. ದೊಡ್ಡ ಬ್ಯಾಂಕುಗಳ ಉಳಿತಾಯ ಖಾತೆಯಲ್ಲಿ ಸಿಗುವುದು ಶೇ. 2.5ರ ಆಸುಪಾಸು. 15 ಲಕ್ಷಕ್ಕೆ ವರ್ಷಕ್ಕೆ 37,500 ರೂಪಾಯಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಶೇ. 8.2 ಇದೆ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, 6.5ರಿಂದ 5.25ಕ್ಕೆ ಇಳಿಸಿದಾಗಲೂ ಆ ವರ್ಷ ಸರ್ಕಾರ ಇದಕ್ಕೆ ಕೈ ಹಾಕಲಿಲ್ಲ. ಅದೇ 15 ಲಕ್ಷಕ್ಕೆ ವರ್ಷಕ್ಕೆ 1,23,000, ಮೂರು ತಿಂಗಳಿಗೊಮ್ಮೆ 30,750 ಖಾತೆಗೆ ಬೀಳುತ್ತದೆ. ಸೇರಿದ ದಿನದ ದರವೇ ಐದು ವರ್ಷ ನಡೆಯುತ್ತದೆ. ಅಂದರೆ ಸುಮ್ನೆ ಒಂದು ವರ್ಷ ಕಾದರೆ 85,500 ಹೋಯಿತು. ಮಧ್ಯದಲ್ಲಿ ತೆಗೆದರೆ ಸ್ವಲ್ಪ ಕಡಿತ ಇದೆ. ಹಾಗಾಗಿ ಒಂದು ವರ್ಷದ ಮನೆ ಖರ್ಚು ಮತ್ತು ಆಸ್ಪತ್ರೆಗೆ ಬೇಕಾಗುವಷ್ಟನ್ನು ಬ್ಯಾಂಕಿನ ಎಫ್‌ಡಿಯಲ್ಲಿ ಬೇರೆ ಇಡಿ. ಉಳಿದದ್ದು ಈ ಯೋಜನೆಗೆ ಹೋಗಲಿ.

ಬಡ್ಡಿ ಕಡಿಮೆ ಆಯಿತು ಅನ್ನುವ ನೋವು ನನಗೆ ಅರ್ಥವಾಗುತ್ತದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ್ ಪತ್ರ 1988ರಲ್ಲಿ ಬಂದಾಗ ಐದೂವರೆ ವರ್ಷಕ್ಕೆ ದುಡ್ಡು ಎರಡರಷ್ಟಾಗುತ್ತಿತ್ತು. ಈಗ 115 ತಿಂಗಳು ಬೇಕು. ಆ ಕಾಲ ಕಂಡವರಿಗೆ ಇಂದಿನ ದರ ಮೋಸದ ಹಾಗೆ ಕಾಣುತ್ತದೆ. ಆದರೆ ಬಡ್ಡಿಯನ್ನು ಒಂಟಿಯಾಗಿ ನೋಡಬಾರದು, ಬೆಲೆ ಏರಿಕೆಯ ಪಕ್ಕದಲ್ಲಿಟ್ಟು ನೋಡಬೇಕು. 2022ರ ಏಪ್ರಿಲ್‌ನಲ್ಲಿ ಬೆಲೆ ಏರಿಕೆ ಶೇ. 7.79 ಇತ್ತು, ಎಫ್‌ಡಿಗೆ ಸಿಗುತ್ತಿದ್ದದ್ದು 5ರಿಂದ 5.5. ದುಡ್ಡು ಬ್ಯಾಂಕಿನಲ್ಲಿ ಕೂತು ಕರಗುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಬೆಲೆ ಏರಿಕೆ ಬರೀ ಶೇ. 0.25. ಬಡ್ಡಿ ಇಳಿಯಿತು ಅಂತ ಎಲ್ಲರೂ ಬೇಸರ ಮಾಡಿಕೊಂಡ ಆ ವರ್ಷವೇ ಠೇವಣಿದಾರನ ಕೈಯಲ್ಲಿ ನಿಜವಾಗಿ ಜಾಸ್ತಿ ಉಳಿಯಿತು.

ಇನ್ನು ನಿಮ್ಮ ಮನೆ ಸಾಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಇದೇ. 20 ಲಕ್ಷ, 20 ವರ್ಷದ ಸಾಲಕ್ಕೆ ಶೇ. 8.5ರಂತೆ ತಿಂಗಳ ಕಂತು 17,356. ಅದು 7.5ಕ್ಕೆ ಇಳಿದರೆ 16,112. ತಿಂಗಳಿಗೆ ಸುಮಾರು 1,240 ಉಳಿಯಿತು. ಅಪ್ಪನ 15 ಲಕ್ಷ ಪೂರ್ತಿ ಎಫ್‌ಡಿಯಲ್ಲಿದ್ದು ಅಲ್ಲೂ ಒಂದು ಪರ್ಸೆಂಟ್ ಇಳಿದರೆ ಅವರಿಗೆ ತಿಂಗಳಿಗೆ 1,250 ಕಡಿಮೆ. ಒಂದೇ ಮನೆ. ನಿಮ್ಮ ಜೇಬಿಗೆ ಬಂದದ್ದು ಅವರ ಜೇಬಿನಿಂದ ಹೋಯಿತು, ಅಲ್ವಾ? ಬಡ್ಡಿ ಇಳಿದ ಸುದ್ದಿ ಟಿವಿಯಲ್ಲಿ ಬಂದಾಗ ಮಗ ಖುಷಿಪಟ್ಟು ಅಪ್ಪ ಸುಮ್ಮನಾಗುವ ಮನೆಗಳು ಎಷ್ಟಿಲ್ಲ. ಕಂತಿನಲ್ಲಿ ಉಳಿದದ್ದನ್ನು ಅಪ್ಪನ ಖಾತೆಗೆ ಹಾಕಿ ಅನ್ನುವುದು ನನ್ನ ಮಾತು. ಅವರು ಬೇಡ ಅನ್ನುತ್ತಾರೆ. ಆದರೂ ಹಾಕಿ. ಜೀವನ ಪೂರ್ತಿ ದುಡಿದವರಿಗೆ ಔಷಧಿಗೆ ಮಗನನ್ನು ಕೇಳಬೇಕು ಅನ್ನುವುದೇ ದೊಡ್ಡ ಕಷ್ಟ. ಹಾಗೆಯೇ, ಅವರ 15 ಲಕ್ಷ ತೆಗೆದು ನಿಮ್ಮ ಸಾಲ ತೀರಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಲೆಕ್ಕದಲ್ಲಿ ಅದು ಸರಿ ಕಾಣಬಹುದು. ಆದರೆ ಅವರ ಕೈ ಖಾಲಿಯಾಗುತ್ತದೆ.

ಶೇರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಹಾಕುತ್ತೇನೆ, ಆದರೆ ಹತ್ತು ವರ್ಷ ಮುಟ್ಟದ ದುಡ್ಡನ್ನು ಮಾತ್ರ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ. 13ರಷ್ಟು ಬಿದ್ದು 26,000ಕ್ಕಿಂತ ಕೆಳಗೆ ಹೋಯಿತು. ವರ್ಷ ಮುಗಿಯುವಾಗ 47,000 ದಾಟಿತ್ತು. ಮಗಳ ಮದುವೆಗೆ ಏಪ್ರಿಲ್‌ನಲ್ಲಿ ದುಡ್ಡು ಬೇಕಿದ್ದವನಿಗೆ ಡಿಸೆಂಬರ್‌ನ ಏರಿಕೆ ಏನು ಉಪಯೋಗ? ಅಪ್ಪನ ದುಡ್ಡು ಅಲ್ಲಿಗೆ ಬೇಡ. ನಿಮ್ಮ ಸಂಬಳದಿಂದ ತಿಂಗಳು ತಿಂಗಳು ಸ್ವಲ್ಪ ಹಾಕಿ.

ನಮ್ಮ ಕಡೆ ಹೇಳಲೇಬೇಕಾದದ್ದು ಸೊಸೈಟಿಗಳ ವಿಷಯ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ಇದು. ಸಹಕಾರದ ಮೇಲೆ ನನಗೂ ಅಭಿಮಾನವಿದೆ. ಆದರೆ ಬ್ಯಾಂಕ್ ಬಡ್ಡಿ ಇಳಿದಾಗಲೆಲ್ಲ ಪರಿಚಯದವರು ಯಾರಾದರೂ ಮನೆಗೆ ಬಂದು, ನಮ್ಮ ಸೊಸೈಟಿಯಲ್ಲಿ ಮುದ್ದತ್ ಠೇವು (ಅವಧಿ ಠೇವಣಿ) ಇಡಿ ಸಾಹೇಬ್ರ, ಎರಡು ಪರ್ಸೆಂಟ್ ಜಾಸ್ತಿ ಕೊಡ್ತೀವಿ ಅಂತಾರೆ. ನಿವೃತ್ತರ ಮನೆಗೇ ಮೊದಲು ಬರುತ್ತಾರೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರ ಅಸಲು ಬಡ್ಡಿ ಎರಡೂ ಕೂಡಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಮಾತ್ರ ಇತ್ತು. ಸೊಸೈಟಿಗಳಿಗೆ, ಅಂದರೆ ಪತ್ತಿನ ಸಹಕಾರ ಸಂಘಗಳಿಗೆ, ಈ ವಿಮೆ ಇಲ್ಲವೇ ಇಲ್ಲ. ಬೋರ್ಡಿನ ಮೇಲೆ ಬ್ಯಾಂಕ್ ಅನ್ನುವ ಪದ ಇದೆಯಾ ನೋಡಿ, ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇದೆಯಾ ಕೇಳಿ.

ಅಪ್ಪ ಈಗಾಗಲೇ ಅಂಥ ಕಡೆ ಏನಾದರೂ ಇಟ್ಟಿದ್ದರೆ ಗಾಬರಿಯಾಗಿ ಮುರಿಸಬೇಡಿ. ರಸೀದಿಯಲ್ಲಿ ಮುದ್ದತ್ತು ಯಾವಾಗ ಮುಗಿಯುತ್ತದೆ, ಎಷ್ಟು ಬಡ್ಡಿ ಅಂತ ನೋಡಿ ಇಲ್ಲೇ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.