ವರ್ಡ್‌ಪ್ರೆಸ್ ಸೈಟಿನಲ್ಲಿ ಅಪ್‌ಡೇಟ್ ಒತ್ತೋಕೆ ಭಯ. ಹಾಗೇ ಬಿಟ್ಟರೆ ನಡೆಯುತ್ತಾ?

ನಡೆಯಲ್ಲ. ಆದರೆ ನಿಮ್ಮ ಭಯ ಅರ್ಥವಾಗುತ್ತದೆ. ಸಂಘದ ಸೈಟನ್ನು ವರ್ಡ್‌ಪ್ರೆಸ್‌ನಲ್ಲಿ (ಸೈಟ್ ಕಟ್ಟುವ ತಂತ್ರಾಂಶ ಅದು) ಕಟ್ಟಿಕೊಟ್ಟವರು ಈಗ ಸಿಗುತ್ತಿಲ್ಲ, ನಿಮಗೆ ಕೋಡ್ ಬರಲ್ಲ, ಡ್ಯಾಶ್‌ಬೋರ್ಡ್ ತೆರೆದರೆ 14 ಅಪ್‌ಡೇಟ್ ಬಾಕಿ ಅಂತ ತೋರಿಸುತ್ತದೆ ಅಂದಿದ್ದೀರಿ.

ಒಂದು ಪ್ಲಗಿನ್‌ನಲ್ಲಿ (ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ತುಣುಕು) ಭದ್ರತೆಯ ತೂತು ಇದೆ ಅಂತ ಗೊತ್ತಾದರೆ ಸಾಕು, ಅದರ ಹಳೇ ಆವೃತ್ತಿ ಎಲ್ಲೆಲ್ಲಿದೆ ಅಂತ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳು, ಹುಡುಕಲು ಶುರು ಮಾಡುತ್ತವೆ. ಚಿಕ್ಕ ಸೈಟು, ಪಾಪ ಅಂತ ಅವು ಬಿಡುವುದಿಲ್ಲ. 2013ರಲ್ಲಿ ಬಂದ 3.7 ಆವೃತ್ತಿಯಿಂದ ವರ್ಡ್‌ಪ್ರೆಸ್ ತನ್ನ ಸಣ್ಣ ಭದ್ರತಾ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುತ್ತದೆ. ಪ್ಲಗಿನ್‌ಗಳನ್ನು, ಸೈಟಿನ ನೋಟ ನಿರ್ಧರಿಸುವ ಥೀಮ್‌ಗಳನ್ನು ಮಾತ್ರ ಸಾಮಾನ್ಯವಾಗಿ ನಾವೇ ನೋಡಿಕೊಳ್ಳಬೇಕು.

ಒತ್ತುವ ಮೊದಲು ಬ್ಯಾಕಪ್ ತೆಗೆಯಿರಿ. ನಾನು ಪೆಟ್ಟು ತಿಂದದ್ದು ಇಲ್ಲೇ. ಗೆಳೆಯರೊಬ್ಬರ ಸೈಟ್ ನೋಡಿಕೊಳ್ಳುತ್ತಿದ್ದೆ. ಇಡೀ ಫೋಲ್ಡರನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ಸರಿ, ಬ್ಯಾಕಪ್ ಆಯ್ತು ಅಂದುಕೊಂಡಿದ್ದೆ. ಸರ್ವರ್ ಕೈಕೊಟ್ಟ ದಿನ ಅದನ್ನೇ ಹೊಸದಾಗಿ ಹಾಕಿ ನೋಡಿದರೆ ಫೋಟೋಗಳಿವೆ, ಥೀಮ್ ಇದೆ, ಬರಹ ಒಂದೂ ಇಲ್ಲ! ಪುಟಗಳ ಅಕ್ಷರಗಳೆಲ್ಲ ಇರುವುದು ಡೇಟಾಬೇಸ್‌ನಲ್ಲಿ, ಫೋಲ್ಡರ್‌ನಲ್ಲಿ ಅಲ್ಲ. ನಾಲ್ಕು ವರ್ಷದ ಬರಹ ಅದು. ಹಳೇ ವೆಬ್ ಪುಟಗಳ ಪ್ರತಿ ಇಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕಷ್ಟನ್ನು ಒಂದೊಂದೇ ಪುಟ ಕಾಪಿ ಮಾಡಿ ಹಾಕಿದೆ. ಉಳಿದದ್ದು ಹೋಯಿತು. ಅವರ ಮುಖ ನೋಡಲು ಆಗಲಿಲ್ಲ.

ಹಾಗಾಗಿ ಡೇಟಾಬೇಸ್ ಮತ್ತು ಫೈಲ್‌ಗಳು ಎರಡೂ ಬೇಕು. ಅದೇ ಸರ್ವರ್‌ನಲ್ಲಿ ಇಡಬೇಡಿ, ಹೊರಗೆ ಬೇರೆ ಕಡೆ ಇರಲಿ. ಸಾಧ್ಯವಾದರೆ ಆ ಬ್ಯಾಕಪ್‌ನಿಂದ ಸೈಟನ್ನು ಬೇರೆ ಕಡೆ ಒಮ್ಮೆ ಎಬ್ಬಿಸಿ ನೋಡಿ.

ಆಮೇಲೆ ಪ್ಲಗಿನ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಿ. ಎಲ್ಲವನ್ನೂ ಟಿಕ್ ಮಾಡಿ ಒಟ್ಟಿಗೆ ಒತ್ತಿದರೆ ಯಾವುದರಿಂದ ಕೆಟ್ಟಿತು ಅಂತ ಹುಡುಕಬೇಕಾಗುತ್ತದೆ. ಪ್ರತಿ ಸಲವೂ ಸೈಟ್ ತೆರೆದು ನೋಡಿ, ಸಂಪರ್ಕದ ಫಾರ್ಮ್ ಇದ್ದರೆ ಒಂದು ಸಂದೇಶ ಕಳಿಸಿ, ಬಂತಾ ನೋಡಿ. ಥೀಮ್ ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಕಟ್ಟಿದವರು ಅದರ ಫೈಲ್‌ಗಳಲ್ಲೇ ನೇರವಾಗಿ ಬದಲಾವಣೆ ಮಾಡಿದ್ದರೆ ಅಪ್‌ಡೇಟ್ ಆದಾಗ ಅದೆಲ್ಲ ಅಳಿಸಿಹೋಗುತ್ತದೆ. ಬದಲಾವಣೆಗಳನ್ನು ಮೂಲ ಥೀಮ್‌ನಿಂದ ಬೇರೆಯಾಗಿ ಇಡುವ ಚೈಲ್ಡ್ ಥೀಮ್ ಇದೆಯಾ ಅಂತ ಮೊದಲು ಗೊತ್ತುಮಾಡಿಕೊಳ್ಳಿ.

ಪುಟ ಬೆಳ್ಳಗಾಗಿ, ಒಳಗೂ ಹೋಗೋಕೆ ಆಗದಿದ್ದರೆ ಗಾಬರಿ ಬೇಡ. ಹೋಸ್ಟಿಂಗ್‌ನ (ಸೈಟ್ ಇಡಲು ಜಾಗ ಕೊಟ್ಟವರ) ಫೈಲ್ ಮ್ಯಾನೇಜರ್ ತೆರೆದು, ಪ್ಲಗಿನ್ಸ್ ಫೋಲ್ಡರ್‌ನಲ್ಲಿ ಕೊನೆಗೆ ಅಪ್‌ಡೇಟ್ ಮಾಡಿದ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿ. ವರ್ಡ್‌ಪ್ರೆಸ್‌ಗೆ ಅದು ಸಿಗುವುದಿಲ್ಲ, ಅಲ್ಲಿಗೆ ಅದು ನಿಂತಂತೆ. ತೊಂದರೆ ಅದರದ್ದೇ ಆಗಿದ್ದರೆ ಸೈಟ್ ಮತ್ತೆ ಏಳುತ್ತದೆ.

2019ರಲ್ಲಿ ಬಂದ 5.2 ಆವೃತ್ತಿಯಿಂದ ಇಂಥ ದೊಡ್ಡ ದೋಷ ಬಂದಾಗ ಅಡ್ಮಿನ್ ಇಮೇಲ್‌ಗೆ ಒಂದು ಲಿಂಕ್ ಬರುತ್ತದೆ. ಅದರಿಂದ ಒಳಗೆ ಹೋಗಿ ಸರಿಮಾಡಬಹುದು. ನಿಮ್ಮ ವಿಷಯದಲ್ಲಿ ಆ ಇಮೇಲ್ ಇನ್ನೂ ಸೈಟ್ ಕಟ್ಟಿದವರದ್ದೇ ಇರಬಹುದು, ಅಲ್ವಾ? ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಜನರಲ್ ತೆರೆದು ನೋಡಿ. ಬಾಕಿ ಇರುವ 14 ಯಾವುವು ಅಂತ ಇಲ್ಲೇ ಬರೆಯಿರಿ, ಯಾವುದರಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.