ನಾರ್ಫೋಕ್‌ನಿಂದ ಬೋಫರ್ಟ್‌ಗೆ ಇಬ್ಬರೇ ಬೋಟಿನಲ್ಲಿ ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಅಕ್ಟೋಬರ್ ಕೊನೆಗೆ ಒಂದು ವಾರ ರಜೆ, ಗಂಡ ಹೆಂಡತಿ ಇಬ್ಬರೇ, ಬಾಡಿಗೆಗೆ 34 ಅಡಿಯ ಟ್ರಾಲರ್ (ಮೀನು ಹಿಡಿಯುವುದಲ್ಲ, ಒಳಗೇ ಅಡುಗೆ ಮಾಡಿ ಮಲಗಬಹುದಾದ ನಿಧಾನದ ಮೋಟಾರ್ ಬೋಟು) ಸಿಗುತ್ತಿದೆ. ಅಮೆರಿಕದ ವರ್ಜೀನಿಯಾದ ನಾರ್ಫೋಕ್‌ನಿಂದ ಇಂಟ್ರಾಕೋಸ್ಟಲ್ ವಾಟರ್‌ವೇ, ಅಂದರೆ ಕರಾವಳಿಯ ಒಳಗೇ ಸಾಗುವ ನದಿ, ಕಾಲುವೆಗಳ ಜಲಮಾರ್ಗ ಹಿಡಿದು ನಾರ್ತ್ ಕ್ಯಾರೊಲೈನಾದ ಬೋಫರ್ಟ್ ತಲುಪಲು ಆಗುತ್ತಾ, ಯಾವ ದಾರಿ ಒಳ್ಳೆಯದು, ಕಷ್ಟ ಎಲ್ಲಿ?

ಆಗುತ್ತದೆ. ನಾನೂ ನಮ್ಮ ಮನೆಯವರೂ ಶರತ್ಕಾಲದಲ್ಲಿ ಇದೇ ದಾರಿಯಲ್ಲಿ ಹೋದವರು. ಆದರೆ ಏಳನೇ ದಿನ ಸಂಜೆ ಬೋಫರ್ಟ್‌ನಲ್ಲಿ ಇರಲೇಬೇಕು ಎಂದು ಈಗಲೇ ಹಟ ಹಿಡಿಯುವುದಾದರೆ ಬೇಡ ಅನ್ನುತ್ತೇನೆ. ಇಲ್ಲಿ ಜನ ತೊಂದರೆಗೆ ಸಿಕ್ಕಿಕೊಳ್ಳುವುದು ಬೋಟ್ ಓಡಿಸಲು ಬಾರದೆ ಅಲ್ಲ, ಕಾಯಲು ಪುರುಸೊತ್ತಿಲ್ಲದೆ.

ಲೆಕ್ಕ ಹಾಕಿ ನೋಡಿ. ಈ ಜಲಮಾರ್ಗದ ಮೈಲಿ ಸೊನ್ನೆ ಇರುವುದು ನಾರ್ಫೋಕ್‌ನಲ್ಲೇ. ಬೋಫರ್ಟ್ ಹತ್ತಿರ ಹತ್ತಿರ 204ನೇ ಮೈಲಿ. ಇವು ರಸ್ತೆಯಲ್ಲಿ ಅಳೆಯುವ ಮೈಲಿಗಳೇ, ಕಡಲ ಮೈಲಿಗಳಲ್ಲ. ಬೋಟಿನ ವೇಗ ಮಾತ್ರ ನಾಟ್‌ನಲ್ಲಿ ಇರುತ್ತದೆ. 7 ನಾಟ್ ಎಂದರೆ ಗಂಟೆಗೆ ಸುಮಾರು 8 ಮೈಲಿ. ಅಲ್ಲಿಗೆ 25 ಗಂಟೆಯ ಓಟ. ಲಾಕ್ (ನೀರು ಏರಿಸಿ ಇಳಿಸಿ ಬೋಟನ್ನು ಬೇರೆ ಮಟ್ಟಕ್ಕೆ ದಾಟಿಸುವ ಬಾಗಿಲುಗಳ ಕಟ್ಟೆ) ಮುಂದೆ, ತೆರೆಯುವ ಸೇತುವೆ ಮುಂದೆ ಕಾಯುವುದೂ ಸೇರಿದರೆ ಆರಾಮಾಗಿ ಐದು ದಿನ. ಉಳಿದ ಎರಡು ದಿನ ಗಾಳಿಯ ಪಾಲು, ಅವುಗಳ ಮೇಲೆ ಏನನ್ನೂ ಬುಕ್ ಮಾಡಬೇಡಿ. ಇನ್ನೊಂದು ವಿಷಯ, ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಓಡಿಸಲೇಬೇಡಿ. ಏಡಿ ಬೋನುಗಳ ತೇಲುಗುಂಡುಗಳು, ಅರ್ಧ ಮುಳುಗಿದ ದಿಮ್ಮಿಗಳು ಹಗಲಲ್ಲೇ ಕಣ್ಣು ತಪ್ಪಿಸುತ್ತವೆ. ಬೆಳಿಗ್ಗೆ ಬೇಗ ಹೊರಟು ಮೂರು ಗಂಟೆಗೆ ಲಂಗರು ಹಾಕಿ.

ನಾರ್ಫೋಕ್ ದಾಟಿದ ಕೂಡಲೇ ದಾರಿ ಎರಡಾಗುತ್ತದೆ. ವರ್ಜೀನಿಯಾ ಕಟ್ ಅಗಲ, ಆಳ ಎರಡೂ ಇರುವ ದಾರಿ. ಗ್ರೇಟ್ ಬ್ರಿಜ್‌ನಲ್ಲಿ ಒಂದೇ ಲಾಕ್. ದೊಡ್ಡ ಬೋಟುಗಳು, ಬಾರ್ಜ್‌ಗಳು ಎಲ್ಲ ಅತ್ತಲೇ ಹೋಗುತ್ತವೆ. ಇನ್ನೊಂದು ಡಿಸ್ಮಲ್ ಸ್ವಾಂಪ್ ಕಾಲುವೆ. 22 ಮೈಲಿ ಉದ್ದ, ಎರಡು ತುದಿಯಲ್ಲಿ ಎರಡು ಲಾಕ್, ಅವು ಗೊತ್ತಾದ ಸಮಯಕ್ಕೆ ದಿನಕ್ಕೆ ಕೆಲವೇ ಬಾರಿ ತೆರೆಯುತ್ತವೆ. ನಿಮ್ಮ ಬೋಟಿನ ತಳ ನೀರಿನಲ್ಲಿ ನಾಲ್ಕು ಅಡಿ ಇಳಿದಿದ್ದರೆ ಹೆಚ್ಚು, ಹಾಗಾಗಿ ಇದು ಸಾಕು. ನಾನಾದರೆ ಇದನ್ನೇ ಆರಿಸುತ್ತೇನೆ. ಎರಡೂ ದಡದಲ್ಲಿ ಸೈಪ್ರೆಸ್, ಮೇಪಲ್ ಮರಗಳು ಆ ಹೊತ್ತಿಗೆ ಕೆಂಪಾಗಿರುತ್ತವೆ. ನೀರು ಮಾತ್ರ ಕಾಫಿ ಡಿಕಾಕ್ಷನ್ ಬಣ್ಣ, ಎಲೆ ತೊಗಟೆಗಳ ಟ್ಯಾನಿನ್‌ನಿಂದ. ಬೋಟಿನ ಮೂತಿಗೆ ಕಂದು ಮೀಸೆ ಬರುತ್ತದೆ, ನಿಂಬೆರಸ ಹಚ್ಚಿ ಉಜ್ಜಿದರೆ ಹೋಗುತ್ತದೆ. 1793ರಿಂದ 1805ರವರೆಗೆ ಈ ಕಾಲುವೆಯನ್ನು ಕೈಯಲ್ಲೇ ತೋಡಿದ್ದು, ತೋಡಿದವರಲ್ಲಿ ಬಹುಪಾಲು ಜನ ಗುಲಾಮರು. ತಪ್ಪಿಸಿಕೊಂಡ ಗುಲಾಮರು ಅಡಗಿ ಬದುಕಿದ್ದೂ ಇದೇ ಜೌಗಿನೊಳಗೆ. ಅಷ್ಟು ಚೆಂದದ ಜಾಗದಲ್ಲಿ ಹೋಗುವಾಗ ಇದು ಗೊತ್ತಿರಬೇಕು ಅನ್ನಿಸುತ್ತದೆ. ದುರಸ್ತಿಗೆ, ಬಿರುಗಾಳಿಗೆ ಕಾಲುವೆ ಮುಚ್ಚುವುದುಂಟು. ನೋಡಿಕೊಳ್ಳುವುದು ಸೇನೆಯ ಎಂಜಿನಿಯರ್ ದಳ. ಹೊರಡುವ ಹಿಂದಿನ ದಿನ ಅವರ ಪ್ರಕಟಣೆ ನೋಡಿ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಅದು ಆಲ್ಬೆಮಾರ್ಲ್ ಸೌಂಡ್. ಸೌಂಡ್ ಎಂದರೆ ಇಲ್ಲಿ ಸಮುದ್ರದ ಪಕ್ಕದ ಅಗಲವಾದ ಹಿನ್ನೀರು. ಎರಡೂ ದಾರಿಗಳು ಕೊನೆಗೆ ಇದರ ಬಾಯಿಗೇ ಬಂದು ಬೀಳುತ್ತವೆ. ಪೂರ್ವ ಪಶ್ಚಿಮವಾಗಿ 50 ಮೈಲಿಗೂ ಮೀರಿ ಚಾಚಿದ ನೀರು, ಆಳ ಹೆಚ್ಚಿನ ಕಡೆ 20 ಅಡಿಯೂ ಇಲ್ಲ. ಆಳ ಕಡಿಮೆ ಅಂದರೆ ಭಯ ಕಡಿಮೆ ಅನ್ನಿಸುತ್ತದೆ, ಅಲ್ವಾ? ಉಲ್ಟಾ. ಉದ್ದಕ್ಕೂ ಬೀಸಿದ ಗಾಳಿಗೆ ಅಲೆ ಏಳುತ್ತದೆ, ತಳ ಹತ್ತಿರ ಇರುವುದರಿಂದ ಅದು ಕಡಿದಾಗಿ, ಒಂದರ ಹಿಂದೆ ಒಂದು ಒತ್ತಿಕೊಂಡು ಬರುತ್ತದೆ. ನೀವು ಉತ್ತರದಿಂದ ದಕ್ಷಿಣಕ್ಕೆ ದಾಟುವವರು, ಹಾಗಾಗಿ ಪೂರ್ವದ ಅಥವಾ ಪಶ್ಚಿಮದ ಗಾಳಿಯ ಅಲೆ ನೇರ ಪಕ್ಕೆಗೆ ಹೊಡೆಯುತ್ತದೆ. ಅಡುಗೆಮನೆಯ ಕಪಾಟಿನಲ್ಲಿ ಏನೂ ಜಾಗದಲ್ಲಿ ನಿಲ್ಲುವುದಿಲ್ಲ.

ಶರತ್ಕಾಲದಲ್ಲಿ ಶೀತಗಾಳಿಯ ಅಲೆಯೊಂದು ದಾಟಿದ ಮೇಲೆ ಒಂದೆರಡು ದಿನ ಉತ್ತರ, ವಾಯವ್ಯದಿಂದ ಜೋರು ಗಾಳಿ ಇರುತ್ತದೆ. ಆಮೇಲೆ ತಣ್ಣಗಾಗುತ್ತದೆ. ಆ ಬಿಡುವಿನಲ್ಲಿ, ಬೆಳಿಗ್ಗೆಯೇ ದಾಟಬೇಕು. ಮುನ್ಸೂಚನೆಯಲ್ಲಿ 15 ನಾಟ್‌ಗಿಂತ ಜಾಸ್ತಿ ಇದ್ದರೆ ನಾವು ಡಿಸ್ಮಲ್ ಸ್ವಾಂಪ್ ದಾರಿಯಲ್ಲಿ ಸೌಂಡ್‌ಗೆ ಮೊದಲು ಸಿಗುವ ಎಲಿಜಬೆತ್ ಸಿಟಿಯಲ್ಲೇ ಉಳಿಯುತ್ತೇವೆ. ವರ್ಜೀನಿಯಾ ಕಟ್‌ನಲ್ಲಿ ಬಂದವರು ಕೊಯಿನ್‌ಜಾಕ್‌ನಲ್ಲಿ ಕಾಯುತ್ತಾರೆ. ಪಕ್ಕದ ಬೋಟಿನವರು ಹೊರಟರು ಎಂದು ಹಿಂದೆಯೇ ಹೊರಡಬೇಡಿ, ಅವರ ಬೋಟು 50 ಅಡಿಯದ್ದಿರಬಹುದು.

ಸೌಂಡ್‌ಗಳಲ್ಲಿ ಚಂದ್ರನ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರಕ್ಕೂ ಇವಕ್ಕೂ ನಡುವೆ ಔಟರ್ ಬ್ಯಾಂಕ್ಸ್‌ನ ಮರಳು ದ್ವೀಪಗಳ ಸಾಲಿದೆ, ನೀರು ನುಗ್ಗಲು ಇರುವ ಸಂದು ಕೆಲವೇ. ಇಲ್ಲಿ ನೀರು ಏರುವುದು, ಇಳಿಯುವುದು ಗಾಳಿಯ ಲೆಕ್ಕದಲ್ಲಿ. ಉಬ್ಬರದ ಪಟ್ಟಿ ಹಿಡಿದು ಕೂತರೆ ಉಪಯೋಗ ಇಲ್ಲ.

ದಾಟಿದ ಮೇಲೆ ಅಲಿಗೇಟರ್ ನದಿ. ಬಾಯಲ್ಲಿ ಮರಳು ಸರಿಯುತ್ತಿರುತ್ತದೆ, ಬೋಟಿನ ನಕ್ಷೆ ಪರದೆ ಮೇಲಿನ ಗೆರೆಗಿಂತ ಎದುರಿಗೆ ಕಾಣುವ ಗುರುತುಕಂಬಗಳನ್ನು ನಂಬಿ. ಅಲ್ಲಿನ ತಿರುಗುವ ಸೇತುವೆಯನ್ನು ಬಿರುಸು ಗಾಳಿಯಲ್ಲಿ ತೆರೆಯುವುದಿಲ್ಲ. ಮುಂದೆ ಪಂಗೊ ನದಿಗೆ ಸೇರುವ ಉದ್ದನೆಯ ನೇರ ಕಾಲುವೆ. ಅಂಗಡಿ, ಪೆಟ್ರೋಲ್ ಬಂಕ್ ಏನೂ ಇಲ್ಲ, ಅದೇ ಅದರ ಸೊಗಸು. ದಡದಲ್ಲಿ ಕರಡಿ ಕಾಣಬಹುದು, ಆದ್ದರಿಂದ ಒಬ್ಬರು ಯಾವಾಗಲೂ ಹೊರಗೆ ಕೂತಿರಿ. ಕಾಲುವೆಯ ಅಂಚಿನಲ್ಲಿ ಮರದ ಬೊಡ್ಡೆಗಳಿವೆ, ನಡುವೆಯೇ ಹೋಗಿ. ನವೆಂಬರ್ ಆದರೆ ಆರ್ಕ್ಟಿಕ್‌ನಿಂದ ಬಂದ ಹಂಸಗಳು ತಲೆ ಮೇಲೆ ಹಾರುತ್ತವೆ. ಆಮೇಲಿನ ಬೆಲ್‌ಹೇವನ್, ಓರಿಯಂಟಲ್ ಎರಡೂ ರಾತ್ರಿ ತಂಗಲು ಚೆನ್ನಾದ ಪುಟ್ಟ ಊರುಗಳು. ನಡುವೆ ಬರುವ ಪ್ಯಾಮ್ಲಿಕೊ, ನ್ಯೂಸ್ ನದಿಗಳು ಅಗಲವಾಗಿವೆ, ಅಲ್ಲಿಗೂ ಗಾಳಿಯ ನಿಯಮ ಅದೇ.

ಗುರುತುಗಳ ಬಗ್ಗೆ ಒಂದು ಮಾತು. ದಾರಿಯ ಎರಡು ಬದಿ ತೋರಿಸುವ ಕಂಬಗಳನ್ನು ಕೆಂಪು ಈ ಕಡೆ, ಹಸಿರು ಆ ಕಡೆ ಎಂದು ಕಂಠಪಾಠ ಮಾಡಿಕೊಂಡರೆ ಕೆಲವು ಕಡೆ ಗೊಂದಲ ಆಗುತ್ತದೆ, ಬಂದರಿನ ದಾರಿಯೂ ಇದೂ ಒಂದಾಗುವ ಕಡೆ ಬಣ್ಣ ಅದಲುಬದಲಾಗಬಹುದು. ಕಂಬದ ಮೇಲಿನ ಚಿಕ್ಕ ಹಳದಿ ಗುರುತು ನೋಡಿ. ದಕ್ಷಿಣಕ್ಕೆ ಹೋಗುವಾಗ ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ.

ಇಬ್ಬರೇ ಇರುವುದರಿಂದ ಡಾಕ್‌ಗೆ ಕಟ್ಟುವಾಗ ಜಗಳ ಗ್ಯಾರಂಟಿ. ನಮ್ಮಲ್ಲಿ ಚುಕ್ಕಾಣಿ ನನ್ನದು, ಹಗ್ಗ ಅವರದು. ಹಗ್ಗ ಎಳೆಯಲು ಬಲ ಬೇಕು, ಬೋಟು ತಿರುಗಿಸಲು ಬೇಡ. ಬಹಳ ದಂಪತಿಗಳು ಇದನ್ನು ತಿರುವುಮುರುವು ಮಾಡಿಕೊಂಡಿರುತ್ತಾರೆ, ಸುಮ್ನೆ. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಬೈದ ಹಾಗೆ ಕೇಳುತ್ತದೆ, ಆದ್ದರಿಂದ ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ, ಅಥವಾ ಕಿವಿಗೆ ಹಾಕುವ ಮೈಕ್ ತೆಗೆದುಕೊಳ್ಳಿ. ಜಿಗಿದು ಡಾಕ್‌ಗೆ ಇಳಿಯುವುದು ಬೇಡ. ತಪ್ಪಿದರೆ ಮತ್ತೊಂದು ಸುತ್ತು ಬರಬಹುದು. ಮತ್ತು ಇಬ್ಬರಿಗೂ ಬೋಟು ನಿಲ್ಲಿಸಲು, ವಿಎಚ್‌ಎಫ್ ರೇಡಿಯೊದಲ್ಲಿ 16ನೇ ಚಾನೆಲ್‌ನಲ್ಲಿ ಸಹಾಯ ಕೇಳಲು ಬರಬೇಕು. ಒಬ್ಬರು ನೀರಿಗೆ ಬಿದ್ದರೆ ಇನ್ನೊಬ್ಬರಷ್ಟೇ ಉಳಿಯುವುದು. ಇಲ್ಲಿನ ಲಾಕ್, ಸೇತುವೆಯವರ ಜೊತೆ ಮಾತಾಡುವುದು 13ನೇ ಚಾನೆಲ್‌ನಲ್ಲಿ.

ಕಾಗದಪತ್ರ: ವರ್ಜೀನಿಯಾದಲ್ಲಿ 10 ಹಾರ್ಸ್‌ಪವರ್ ಅಥವಾ ಅದಕ್ಕಿಂತ ಹೆಚ್ಚಿನ ಮೋಟಾರ್ ಬೋಟ್ ಓಡಿಸಲು ಸುರಕ್ಷತಾ ಕೋರ್ಸಿನ ಸರ್ಟಿಫಿಕೇಟ್ ಬೇಕು. ಆನ್‌ಲೈನ್‌ನಲ್ಲೇ ಮುಗಿಸಬಹುದು, ಇಬ್ಬರೂ ಮಾಡಿ. ಚಂಡಮಾರುತದ ಕಾಲ ನವೆಂಬರ್ 30ರವರೆಗೆ ಇರುತ್ತದೆ, ಹೆಸರಿಟ್ಟ ಬಿರುಗಾಳಿ ಬಂದರೆ ಹಣ ವಾಪಸ್ ಕೊಡುತ್ತಾರಾ ಎಂದು ಬಾಡಿಗೆ ಒಪ್ಪಂದದಲ್ಲಿ ಓದಿ. ಬೋಟನ್ನು ಬೋಫರ್ಟ್‌ನಲ್ಲೇ ಬಿಡಲು ಒಪ್ಪುತ್ತಾರಾ ಅಂತಲೂ ಕೇಳಿ. ಒಪ್ಪದಿದ್ದರೆ ಬೋಫರ್ಟ್ ಬಿಡಿ, ಬೆಲ್‌ಹೇವನ್‌ವರೆಗೂ ಬೇಡ. ಎಲಿಜಬೆತ್ ಸಿಟಿಗೆ ಡಿಸ್ಮಲ್ ಸ್ವಾಂಪ್‌ನಲ್ಲಿ ಹೋಗಿ, ಗಾಳಿ ಬಿಟ್ಟರೆ ಸೌಂಡ್ ಸ್ವಲ್ಪ ನೋಡಿ, ವರ್ಜೀನಿಯಾ ಕಟ್‌ನಲ್ಲಿ ವಾಪಸ್ ಬನ್ನಿ. ಒಂದು ವಾರಕ್ಕೆ ಅದೂ ಧಾರಾಳ ಆಯಿತು.